ಕರಾರು ಬಿಡಿಸಿಕೊಂಡ ನಮ್ಮ ಕೋಚ್ ಸರ್

ನಮ್ಮ ಕೋಚ್ ಸರ್ ತೀರಿಕೊಂಡ ನಾಲ್ಕೈದು ದಿನಕ್ಕೆ, ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆಗೆ ತಿರುಗುವ ಸರ್ಕಲ್ಲಿನಲ್ಲಿ ಅವರ ಫ್ಲೆಕ್ಸ್ ಎದ್ದು ನಿಂತಿತು. ಆಳೆತ್ತರದ ಬಿದಿರು ಕಂಬಗಳ ಮೇಲೆ ದೊಡ್ಡ ಚೌಕಟ್ಟು. ಅದರ ಮುಕ್ಕಾಲು ಭಾಗದಲ್ಲಿ ಕಾಲೇಜಿನ ಅಧ್ಯಕ್ಷರು ಕೈಮುಗಿದು ನಿಂತಿದ್ದರು. ಉಳಿದ ಕಾಲು ಭಾಗದಲ್ಲಿ, ಹೂವಿನ ಬಳ್ಳಿ ಸುತ್ತಿದ ಒಂದು ಗುಂಡು ಚಿತ್ರದೊಳಗೆ, ಸತ್ತವರು. ಕೆಳಗೆ ದಪ್ಪ ಅಕ್ಷರಗಳಲ್ಲಿ, ‘ಕೊನೆಯ ಉಸಿರಿನವರೆಗೂ ನಮ್ಮ ಸಂಸ್ಥೆಯನ್ನು ಬಿಟ್ಟುಹೋಗದ ನಿಷ್ಠಾವಂತ ತರಬೇತುದಾರರಿಗೆ ಭಾವಪೂರ್ಣ ಶ್ರದ್ಧಾಂಜಲಿ.’

ನಾನು ಸ್ಕೂಟರನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟೆ. ಹಿಂದಿನ ಆಟೋದವನು ಬೈದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ವಕೀಲಿಕೆ ಮಾಡುವವಳು. ಬೆಳಗಾದರೆ ಸುಳ್ಳು ಓದುವುದೇ ನನ್ನ ಕಸುಬು, ಸುಳ್ಳು ಕಂಡರೆ ಮೈ ಉರಿಯುವ ವಯಸ್ಸು ದಾಟಿದ್ದೇನೆ ಅಂದುಕೊಂಡಿದ್ದೆ. ದಾಟಿಲ್ಲ. ಆ ಮನುಷ್ಯ ಆ ಸಂಸ್ಥೆಯನ್ನು ಬಿಟ್ಟುಹೋಗಿದ್ದರು. ಬಿಟ್ಟುಹೋಗುವುದಕ್ಕಾಗಿಯೇ ಮೂರು ವರ್ಷ ನ್ಯಾಯಾಲಯಕ್ಕೆ ಅಲೆದಿದ್ದರು. ಅವರ ಪರವಾಗಿ ವಾದಿಸಿದವಳು ನಾನೇ. ಆ ಫ್ಲೆಕ್ಸಿನ ಸುಳ್ಳಿಗೆ ಎದುರಾಗಿ ನನ್ನ ಆಫೀಸಿನ ಕಪಾಟಿನಲ್ಲಿ ತೀರ್ಪಿನ ದೃಢೀಕೃತ ಪ್ರತಿ ಇದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಲೇಜಿನ ಹೆಸರೂ ಗೊತ್ತಾಗುತ್ತದೆ, ಆ ಕಾಲೇಜಿಗೆ ಪುಕ್ಕಟೆ ಪ್ರಚಾರ ಕೊಡುವ ಆಸೆ ನನಗಿಲ್ಲ. ನಮಗೆಲ್ಲ ಅವರು ಕೋಚ್ ಸರ್. ಅಷ್ಟು ಸಾಕು.

ಭದ್ರಾವತಿಯವರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಪಂದ್ಯ ಬಿಗಿಯಾದಾಗ ಮೂರೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ವಾಲಿಬಾಲ್ ಆಡಿದವರು ಅಂದರೆ ಯಾರೂ ನಂಬದಷ್ಟು ಗಿಡ್ಡ. ಕಾರ್ಖಾನೆಯ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡಿ, ನೆಲಕ್ಕೆ ಬೀಳುವ ಚೆಂಡನ್ನೆಲ್ಲ ಎತ್ತಿ ಎತ್ತಿ ಎಡಗೈಯ ಕಿರುಬೆರಳು ಒಂದು ಕಡೆಗೆ ಬಾಗಿಹೋಗಿತ್ತು. ಯಾರಿಗಾದರೂ ದಾರಿ ತೋರಿಸಬೇಕಾದರೆ ಉಳಿದ ಬೆರಳುಗಳೆಲ್ಲ ನೇರ ಹೋಗು ಅನ್ನುತ್ತಿದ್ದವು, ಅದೊಂದು ಮಾತ್ರ ಬಲಕ್ಕೆ ತಿರುಗು ಅನ್ನುತ್ತಿತ್ತು. ನಾವು ಅದನ್ನು ಹೇಳಿ ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಟ. ಹೆಗಲಲ್ಲಿ ಸದಾ ಒಂದು ಚೀಲ, ಅದರಲ್ಲಿ ನೆಟ್. ಕಾಲೇಜಿನ ಉಗ್ರಾಣದಲ್ಲಿಟ್ಟಿದ್ದ ನೆಟ್ಟನ್ನು ಒಮ್ಮೆ ಇಲಿ ಕಡಿದುಹಾಕಿತ್ತಂತೆ. ಅಂದಿನಿಂದ ಅವರೇ ದುಡ್ಡು ಹಾಕಿ ಕೊಂಡ ಹೊಸ ನೆಟ್ ದಿನಾ ಅವರ ಜೊತೆಯೇ ಮನೆಗೆ ಹೋಗಿ ಬರುತ್ತಿತ್ತು. ಸಂಜೆ ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಾಗ, ವರ್ಕ್‌ಶಾಪುಗಳಿಂದ ಪಾಳಿ ಮುಗಿಸಿದವರು ಹತ್ತುತ್ತಿದ್ದರು. ಕೋಚ್ ಸರ್ ಎದ್ದು ಜಾಗ ಬಿಟ್ಟುಕೊಡುತ್ತಿದ್ದರು. ನೀವೂ ದಿನವಿಡೀ ನಿಂತಿದ್ದೀರಲ್ಲ ಅಂದರೆ, ತಾನು ಬರೀ ಕೂಗುವವನು, ಕೂಗಿದರೆ ಕಾಲು ನೋಯುವುದಿಲ್ಲ ಅನ್ನುತ್ತಿದ್ದರು.

ಅವರ ಹೆಂಡತಿ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದರು. ನಮ್ಮ ಜೆರ್ಸಿಗಳ ಬೆನ್ನಿನ ನಂಬರುಗಳೆಲ್ಲ ಆಕೆಯ ಕೈಯವು. ಕಾಲೇಜು ಕೊಟ್ಟ ಜೆರ್ಸಿಯ ಬಣ್ಣ ಒಂದೇ ಒಗೆತಕ್ಕೆ ಬಿಡುತ್ತಿತ್ತು, ಆಕೆ ಹೊಲಿದ ನಂಬರು ಮಾತ್ರ ಜೆರ್ಸಿ ಹರಿದುಹೋದ ಮೇಲೂ ಉಳಿಯುತ್ತಿತ್ತು. ಮಾತು ಬಹಳ ಕಡಿಮೆ. ನಾವು ಅವರ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಒಳಗೆ ಬನ್ನಿ ಅನ್ನುವುದು, ಹೊರಟಾಗ ಮತ್ತೆ ಬನ್ನಿ ಅನ್ನುವುದು, ನಡುವೆ ಇಡ್ಲಿ. ಇದು ಅವರ ಆತಿಥ್ಯ.

ಕೋಚ್ ಸರ್‌ಗೆ ಎರಡೇ ಪಾಠ ಗೊತ್ತು ಅಂತ ನಾವು ಗೇಲಿ ಮಾಡುತ್ತಿದ್ದೆವು. ಒಂದು, ಚೆಂಡನ್ನು ನೋಡಬೇಡ, ಹೊಡೆಯುವವಳ ಭುಜ ನೋಡು. ಚೆಂಡು ಮೋಸ ಮಾಡಬಹುದು, ಭುಜ ಮಾಡುವುದಿಲ್ಲ. ಇನ್ನೊಂದು, ಚೆಂಡು ನಿನ್ನ ಕೈಗೆ ತಾಗಿದ್ದರೆ ಕೈ ಎತ್ತು. ವಾಲಿಬಾಲ್ ಗೊತ್ತಿಲ್ಲದವರಿಗೆ ಈ ಎರಡನೆಯದನ್ನು ಬಿಡಿಸಿ ಹೇಳಬೇಕು. ಎದುರಾಳಿ ಹೊಡೆದ ಚೆಂಡು ನೇರ ಗೆರೆಯಾಚೆ ಬಿದ್ದರೆ ಪಾಯಿಂಟು ನಮ್ಮದು. ಆದರೆ ಹೋಗುವಾಗ ಅದು ನೆಟ್ಟಿನ ಮೇಲೆ ಚಾಚಿದ ನಮ್ಮ ಬೆರಳ ತುದಿಗೆ ತಾಗಿದ್ದರೆ ಪಾಯಿಂಟು ಅವರದು. ಎಷ್ಟೋ ಸಲ ರೆಫರಿಗೆ ಅದು ಕಾಣುವುದಿಲ್ಲ. ತಾಗಿದ್ದು ಬೆರಳಿಗೆ ಮಾತ್ರ ಗೊತ್ತು. ಆಗ ಕೈ ಎತ್ತಿ, ನನಗೆ ತಾಗಿತು ಅಂತ ನಾವೇ ತೋರಿಸಬೇಕು. ಬೇರೆ ಯಾವ ತಂಡದಲ್ಲೂ ಇದನ್ನು ಇಷ್ಟು ಕಟ್ಟುನಿಟ್ಟಾಗಿ ಮಾಡಿಸುತ್ತಿರಲಿಲ್ಲ. ನಮ್ಮಲ್ಲಿ ಅಭ್ಯಾಸದ ಆಟದಲ್ಲೂ ಕೈ ಎತ್ತದಿದ್ದರೆ ನೆಟ್ ಬಿಚ್ಚಿ ಚೀಲಕ್ಕೆ ಹಾಕಿ ಹೊರಟುಬಿಡುತ್ತಿದ್ದರು.

ಒಂದು ಅಂತರ ಕಾಲೇಜು ಫೈನಲ್ಲಿನಲ್ಲಿ ಕೊನೆಯ ಸೆಟ್ಟು, ಕೊನೆಯ ಪಾಯಿಂಟು. ಎದುರಾಳಿಯ ಹೊಡೆತ ನನ್ನ ಉಗುರಿಗೆ ಸವರಿಕೊಂಡು ಹೊರಗೆ ಹೋಯಿತು. ರೆಫರಿ ಪಾಯಿಂಟನ್ನು ನಮಗೆ ಕೊಟ್ಟ. ಹುಡುಗಿಯರೆಲ್ಲ ಕುಣಿಯುತ್ತ ನನ್ನ ಮೇಲೆ ಬಿದ್ದರು. ನಾನು ಅವರ ನಡುವಿನಿಂದಲೇ ಕೈ ಎತ್ತಿದೆ. ಆ ಪಾಯಿಂಟು ಹೋಯಿತು, ಮುಂದಿನೆರಡೂ ಹೋದವು, ಕಪ್ಪೂ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಭದ್ರಾವತಿ ಬಸ್ ನಿಲ್ದಾಣದಲ್ಲಿ ಕೋಚ್ ಸರ್ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಕೊಡಿಸಿದರು. ನನಗೆ ಮಾತ್ರ ಎರಡು ಬೋಂಡಾ. ನನಗೆ ಅಳು, ಸಿಟ್ಟು ಎಲ್ಲ ಒಟ್ಟಿಗೆ ಬಂತು. ಕಪ್ಪಿನ ಬದಲು ಬೋಂಡಾ ಕೊಟ್ಟರಲ್ಲ ಅಂತ. ನಿಜ ಹೇಳುತ್ತೇನೆ, ಆ ಕಪ್ಪಿನ ಬಗ್ಗೆ ನನ್ನ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ.

ಇನ್ನು ಕರಾರಿನ ವಿಷಯ.

ನಾನು ಕಾಲೇಜು ಮುಗಿಸಿ, ಕಾನೂನು ಓದಿ, ಕಪ್ಪು ಕೋಟು ಹಾಕಿ ಹಲವು ವರ್ಷಗಳಾದ ಮೇಲಿನ ಮಾತು. ಅಧ್ಯಕ್ಷರು ಅಕ್ಕಿ ಗಿರಣಿಯಿಂದ ಪೆಟ್ರೋಲ್ ಬಂಕಿಗೆ, ಅಲ್ಲಿಂದ ವಿದ್ಯಾದಾನಕ್ಕೆ ಬಂದವರು. ವಾಲಿಬಾಲ್ ತಂಡ ಎರಡು ವರ್ಷ ಸತತ ಗೆದ್ದಾಗ ಕಾಲೇಜಿಗೆ ಹುಡುಗರು ಹೆಚ್ಚು ಸೇರಿದರು. ಗೆಲ್ಲುವ ಕೋಚ್ ಎಲ್ಲಿ ಕೈ ತಪ್ಪಿಹೋಗುತ್ತಾನೋ ಅನ್ನುವ ಭಯ ಅಧ್ಯಕ್ಷರಿಗೆ ಹಿಡಿಯಿತು. ಹೊರದೇಶದ ದೊಡ್ಡ ಕಾಲೇಜುಗಳಲ್ಲಿ ಕೋಚುಗಳನ್ನು ಕರಾರಿನಲ್ಲಿ ಕಟ್ಟಿಹಾಕುತ್ತಾರೆ, ಅವಧಿಗೆ ಮೊದಲೇ ಹೋಗಬೇಕಾದರೆ ಅವರೋ ಅವರನ್ನು ಕರೆಸಿಕೊಳ್ಳುವ ಕಾಲೇಜೋ ಬಿಡುಗಡೆಯ ಹಣ ಕಟ್ಟಬೇಕು, ಅದಕ್ಕೆ ಬೈಔಟ್ ಅನ್ನುತ್ತಾರೆ ಅಂತ ಯಾರೋ ಅವರ ಕಿವಿಗೆ ಹಾಕಿದ್ದರು. ಅಲ್ಲಿ ಕಾಲೇಜು ತಾನೇ ಕೋಚನ್ನು ತೆಗೆದುಹಾಕಿದರೆ ಕಾಲೇಜೂ ದುಡ್ಡು ಎಣಿಸಬೇಕಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ಕಿವಿಗೆ ಅದು ಕೇಳಿಸುತ್ತಿರಲಿಲ್ಲ.

ಹಾಗೆ ಹುಟ್ಟಿದ ಕರಾರನ್ನು ನಾನು ಓದಿದ್ದೇನೆ. ಐದು ವರ್ಷದೊಳಗೆ ಬಿಟ್ಟರೆ ಎರಡು ವರ್ಷದ ಸಂಬಳವನ್ನು ಕೋಚ್ ಕಟ್ಟಬೇಕು. ಕಾಲೇಜು ಮಾತ್ರ ಒಂದು ತಿಂಗಳ ನೋಟಿಸು ಕೊಟ್ಟು ಯಾವಾಗ ಬೇಕಾದರೂ ಅವರನ್ನು ಮನೆಗೆ ಕಳಿಸಬಹುದು. ಅಲ್ಲಿಯವರೆಗೆ ಅವರ ಡಿಗ್ರಿಯ, ತರಬೇತಿಯ ಮೂಲ ಪ್ರಮಾಣಪತ್ರಗಳು ‘ಸುರಕ್ಷತೆಗಾಗಿ’ ಕಾಲೇಜಿನ ಬೀರುವಿನಲ್ಲಿ ಇರತಕ್ಕದ್ದು. ಯಾರಿಂದ ಸುರಕ್ಷತೆ? ಅವುಗಳ ಒಡೆಯನಿಂದ. ಇಂಥದ್ದನ್ನು ಬರೆಯಲು ಒಬ್ಬ ವಕೀಲನೇ ಸಹಾಯ ಮಾಡಿರಬೇಕು ಅನ್ನುವುದು ನನಗೆ ಇನ್ನೂ ನಾಚಿಕೆಯ ಸಂಗತಿ.

ಇನ್ನೊಂದು ವಿಷಯ ಕೇಳಿ. ಕರಾರಿಗೆ ಸಹಿಯಾದ ವರ್ಷವೇ, ಕಾಲೇಜಿನ ವಾಲಿಬಾಲ್ ಅಂಕಣದ ಮೇಲೆ ತಗಡಿನ ಶೆಡ್ ಎದ್ದಿತು. ಅಧ್ಯಾಪಕರ ಕಾರು ಬಿಸಿಲಿಗೆ ಕಾಯುತ್ತಿದ್ದವಂತೆ. ಕೋಚನ್ನು ಕಟ್ಟಿಹಾಕಿದರು, ಆಟದ ನೆಲವನ್ನು ಕಿತ್ತುಕೊಂಡರು. ಕೋಚ್ ಸರ್ ಹುಡುಗಿಯರನ್ನು ಕರೆದುಕೊಂಡು ಊರಾಚೆಯ ಒಂದು ಖಾಲಿ ಸೈಟಿಗೆ ಹೋಗಿ, ಎರಡು ಗೂಟಕ್ಕೆ ತಮ್ಮ ನೆಟ್ ಕಟ್ಟಿ ಆಡಿಸತೊಡಗಿದರು. ಆ ವರ್ಷವೂ ತಂಡ ಗೆದ್ದಿತು. ಕಪ್ಪಿನ ಜೊತೆ ಅಧ್ಯಕ್ಷರು ಫೋಟೋ ತೆಗೆಸಿಕೊಂಡರು, ಅದೇ ಶೆಡ್ಡಿನ ಮುಂದೆ.

ಒಂದು ಸಂಜೆ ಕೋಚ್ ಸರ್ ನನ್ನ ಆಫೀಸಿಗೆ ಬಂದರು. ಹಿಂದೆ ಅವರ ಹೆಂಡತಿ. ಭದ್ರಾವತಿಯಲ್ಲೇ ಒಂದು ಕಾಲೇಜು ಹೆಣ್ಣುಮಕ್ಕಳ ತಂಡ ಕಟ್ಟಬೇಕೆಂದು ಅವರನ್ನು ಕರೆದಿತ್ತು. ಕಾಯಂ ಕೆಲಸ, ಮನೆಗೆ ನಡೆದುಹೋಗುವ ದೂರ. ಆದರೆ ಗೊತ್ತುಮಾಡಿದ ದಿನದೊಳಗೆ ಮೂಲ ಪ್ರಮಾಣಪತ್ರ ತಂದು ಸೇರಿಕೊಳ್ಳಬೇಕು. ಇಲ್ಲಿನ ಅಧ್ಯಕ್ಷರು ಬೈಔಟ್ ಕಟ್ಟದೆ ಬೀರು ತೆಗೆಯುವುದಿಲ್ಲ ಅಂದಿದ್ದರು. ಅಲ್ಲಿಯವರು ಆ ಹಣ ನಮ್ಮಿಂದಾಗದು ಅಂದಿದ್ದರು.

ಇಷ್ಟು ವರ್ಷ ಇಲ್ಲಿ ದುಡಿದವರು ಈಗ ಯಾಕೆ ಹೊರಟಿರಿ ಅಂತ ನಾನು ಕೇಳಿದೆ. ಅವರು ಬಾಗಿದ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

“ನಮ್ಮ ಕ್ವಾರ್ಟರ್ಸ್ ಹೆಣ್ಮಕ್ಳು ಸಾಯಂಕಾಲ ಸುಮ್ನೆ ಮೆಟ್ಲ ಮೇಲೆ ಕೂತಿರ್ತಾರಮ್ಮಾ. ನಾನು ಅವರ ಮುಂದೇನೆ ನೆಟ್ ಹೊತ್ಕೊಂಡು ಬಸ್ ಹತ್ತಿ ಬೇರೆ ಊರಿಗೆ ಬರ್ತೀನಿ. ಮಂಡಿ ಇನ್ನೂ ಸ್ವಲ್ಪ ವರ್ಷ ಓಡುತ್ತೆ. ಆ ವರ್ಷನ ಅವರಿಗೆ ಕೊಡ್ಬೇಕು.”

ಅವರ ಹೆಂಡತಿ ಹೊರಡುವಾಗ ನನ್ನ ಕೋಟಿನ ತೋಳಿನ ಹೊಲಿಗೆ ಬಿಚ್ಚಿದ್ದನ್ನು ನೋಡಿ, ಕೊಟ್ಟುಕಳಿಸು ಅಂದರು.

ಕಾನೂನು ನಮ್ಮ ಕಡೆಗಿತ್ತು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಕರಾರು ಕಾಯಿದೆಯ ಎಪ್ಪತ್ನಾಲ್ಕನೆಯ ಕಲಮು ಹೇಳುವುದಿಷ್ಟೇ. ಕರಾರು ಮುರಿದರೆ ಇಂತಿಷ್ಟು ಕಟ್ಟಬೇಕು ಅಂತ ಬರೆದುಕೊಂಡ ಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ. ಆ ಮೊತ್ತ ಬರೀ ಮೇಲ್ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ಸಂಸ್ಥೆ ಒಬ್ಬ ನೌಕರನ ತರಬೇತಿಗೆ ಕೈಯಿಂದ ಖರ್ಚು ಮಾಡಿ, ಅವನು ಮಧ್ಯದಲ್ಲೇ ಓಡಿಹೋದರೆ, ನ್ಯಾಯಾಲಯಗಳು ಇಂಥ ಷರತ್ತನ್ನು ಎತ್ತಿಹಿಡಿದದ್ದೂ ಉಂಟು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಕೋಚ್ ಸರ್‌ಗೆ ಈ ಕಾಲೇಜು ಏನು ಕಲಿಸಿತ್ತು? ಕಲಿಸಿದವರು ಅವರು. ಕಾಲೇಜು ಖರ್ಚು ಮಾಡಿದ್ದು ಶೆಡ್ಡಿಗೆ. ಇನ್ನು ಪ್ರಮಾಣಪತ್ರಗಳನ್ನು ಅಡವಿನ ಹಾಗೆ ಹಿಡಿದಿಟ್ಟುಕೊಳ್ಳಲು ಯಾವ ಕಾನೂನೂ ಇವರಿಗೆ ಹಕ್ಕು ಕೊಟ್ಟಿರಲಿಲ್ಲ.

ನೋಟಿಸು ಕಳಿಸಿದೆ. ಉತ್ತರವಾಗಿ, ಕರಾರಿನ ಹಣ ಪೂರ್ತಿ ಕಟ್ಟಿ ಅನ್ನುವ ಮರುನೋಟಿಸು ಬಂತು. ದಾವೆ ಹಾಕುವುದೇ ಸರಿ ಅಂತ ತೀರ್ಮಾನವಾಯಿತು. ದಾವೆ ಬರೆಯುವಾಗ ನಾನು, ಒತ್ತಾಯಕ್ಕೆ ಸಿಕ್ಕಿ ಓದದೆ ಸಹಿ ಹಾಕಿದ್ದು ಅಂತ ಒಂದು ಸಾಲು ಸೇರಿಸಿದೆ. ಎಲ್ಲರೂ ಸೇರಿಸುವ ಸಾಲು ಅದು, ಊಟದೆಲೆಗೆ ಉಪ್ಪು ಬಡಿಸುವ ಹಾಗೆ. ಕೋಚ್ ಸರ್ ಕರಡನ್ನು ಓದಿ ಆ ಸಾಲಿನ ಮೇಲೆ ಬೆರಳಿಟ್ಟರು. ಇದನ್ನು ತೆಗೆ ಅಂದರು. ತಾನು ಅದನ್ನು ಓದಿದ್ದೇನೆ, ಎರಡು ಸಲ ಓದಿದ್ದೇನೆ ಅಂದರು. ಓದಿದ್ದು ಯಾರಿಗೂ ಗೊತ್ತಿಲ್ಲವಲ್ಲ ಸರ್ ಅಂದೆ. ಅವರು ನನ್ನ ಬೆರಳುಗಳ ಕಡೆ ನೋಡಿದರು. ನಾನು ಹಲ್ಲು ಕಚ್ಚಿಕೊಂಡು ಆ ಸಾಲನ್ನು ಹೊಡೆದುಹಾಕಿದೆ. ಅವತ್ತು ಅವರ ಮೇಲೂ ನನಗೆ ಕೋಪವೇ ಬಂದಿತ್ತು. ಅಧ್ಯಕ್ಷರು ಎಲ್ಲ ನಿಯಮ ಮುರಿದು ಆಡುತ್ತಿರುವಾಗ ಇವರೊಬ್ಬರು ಉಗುರಿಗೆ ತಾಗಿದ್ದಕ್ಕೆ ಕೈ ಎತ್ತುತ್ತೇನೆ ಅಂದರೆ ಏನು ಮಾಡುವುದು?

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ. ಪ್ರಮಾಣಪತ್ರಗಳನ್ನಾದರೂ ತಕ್ಷಣ ಕೊಡಿಸಿ ಅಂತ ತುರ್ತು ಅರ್ಜಿ ಹಾಕಿದ್ದೆ. ಎದುರು ಪಕ್ಷದವರು ಆಕ್ಷೇಪಣೆ ಸಲ್ಲಿಸಲು ಸಮಯ ಕೇಳಿದರು. ಸಿಕ್ಕಿತು. ಮತ್ತೆ ಕೇಳಿದರು, ಮತ್ತೆ ಸಿಕ್ಕಿತು. ಅವರ ವಕೀಲರಿಗೆ ಒಮ್ಮೆ ಜ್ವರ, ಒಮ್ಮೆ ಮದುವೆ. ಆಮೇಲೆ ರಜೆ ಬಂತು. ಈ ನಡುವೆ ಭದ್ರಾವತಿಯ ಕಾಲೇಜು ಕೊಟ್ಟಿದ್ದ ದಿನ ಬಂದು ಹೋಯಿತು. ಅವರು ಪಾಪ ಸ್ವಲ್ಪ ದಿನ ಕಾದರು, ಆಮೇಲೆ ಬೇರೆಯವರನ್ನು ತೆಗೆದುಕೊಂಡರು. ತರಬೇತಿ ಪಡೆದ ಯುವಕನಂತೆ, ಒಳ್ಳೆಯವನೇ ಇರಬೇಕು.

ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡಿ ಅಂತ ನನ್ನ ಸಹೋದ್ಯೋಗಿಗಳು ಕಾಫಿ ಕುಡಿಯುತ್ತ ಹೇಳುತ್ತಿದ್ದರು. ನಾನೂ ಹಾಗೇ ಹೇಳುತ್ತಿದ್ದೆ. ಅದು ಕೋರ್ಟಿನಲ್ಲಿ ನಿಲ್ಲಬೇಕಾಗಿಯೇ ಇರಲಿಲ್ಲ ಅನ್ನುವುದು ಆಗ ನನಗೆ ಅರ್ಥವಾಯಿತು. ಅದಕ್ಕೆ ಬೇಕಾಗಿದ್ದದ್ದು ಒಂದು ಬೀರು, ಒಂದು ಬೀಗ, ಮತ್ತು ನಮ್ಮ ಮುಂದೂಡಿಕೆಗಳು. ಕಾನೂನಿನಲ್ಲಿ ಜಾರಿಯಾಗದ ಷರತ್ತು ಒಬ್ಬ ಮನುಷ್ಯನ ಬಾಳಿನಲ್ಲಿ ಪೂರ್ತಿಯಾಗಿ ಜಾರಿಯಾಗಿಬಿಟ್ಟಿತ್ತು. ಎಷ್ಟು ಬಡ ಮೇಷ್ಟರುಗಳ, ನರ್ಸುಗಳ, ಕೋಚುಗಳ ಸರ್ಟಿಫಿಕೇಟು ಇಂಥ ಬೀರುಗಳಲ್ಲಿ ಕೂತಿವೆಯೋ. ಅವರಲ್ಲಿ ಹೆಚ್ಚಿನವರು ವಕೀಲರ ಆಫೀಸಿನ ಮೆಟ್ಟಿಲನ್ನೂ ಹತ್ತುವುದಿಲ್ಲ. ಸಹಿ ಹಾಕಿಬಿಟ್ಟಿದ್ದೇವಲ್ಲ ಅಂತ ಹೆದರಿ ಕೂರುತ್ತಾರೆ. ಆ ಹೆದರಿಕೆಗಾಗಿಯೇ ಈ ಷರತ್ತನ್ನು ಬರೆಯುವುದು.

ಕೆಲಸ ಕೈತಪ್ಪಿದ ಸುದ್ದಿ ಬಂದಾಗ, ಇನ್ನು ದಾವೆ ಮುಂದುವರಿಸುವುದು ಬೇಡ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಬೇರೆ ಕೆಲಸ ಸಿಗಲಿ ಬಿಡಲಿ, ತಾನು ಇಲ್ಲಿಂದ ತಲೆಯೆತ್ತಿಕೊಂಡು ಹೊರಗೆ ಹೋಗಬೇಕು, ಅಷ್ಟು ಮಾಡಿಕೊಡು ಅಂದರು. ಅಷ್ಟೂ ವರ್ಷ ಅವರು ಕಾಲೇಜಿನ ಕೆಲಸ ಬಿಡಲಿಲ್ಲ, ಬೆಳಿಗ್ಗೆ ಖಾಲಿ ಸೈಟಿನಲ್ಲಿ ಹುಡುಗಿಯರನ್ನು ಆಡಿಸಿ, ವಾಯಿದೆಯ ದಿನ ಅದೇ ಕ್ಯಾನ್ವಾಸ್ ಶೂ ಹಾಕಿಕೊಂಡು ಕೋರ್ಟಿಗೆ ಬರುತ್ತಿದ್ದರು. ಕಕ್ಷಿದಾರರ ಬೆಂಚಿನ ಮೇಲೆ ನೆಟ್ಟಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು.

ಸಾಕ್ಷಿ ಕಟ್ಟೆಗೆ ಅವರು ಹತ್ತಿದ ದಿನ ಎದುರು ವಕೀಲರು ಬಹಳ ಹುಮ್ಮಸ್ಸಿನಲ್ಲಿದ್ದರು. ಈ ಸಹಿ ನಿಮ್ಮದೇ? ನನ್ನದೇ. ಓದಿ ಹಾಕಿದ್ದೋ? ಓದಿ ಹಾಕಿದ್ದು. ಯಾರಾದರೂ ಒತ್ತಾಯ ಮಾಡಿದರೋ? ಕೈ ಹಿಡಿದು ಯಾರೂ ಬರೆಸಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಎದುರು ವಕೀಲರು ಗೆದ್ದವರ ಹಾಗೆ ಕುಳಿತರು. ಕೋಚ್ ಸರ್ ಇಳಿಯುವ ಮೊದಲು ನ್ಯಾಯಾಧೀಶರ ಕಡೆ ತಿರುಗಿ, “ಓದಿದಾಗ್ಲೇ ತಪ್ಪು ಅನ್ನಿಸ್ತು ಸ್ವಾಮಿ. ಮನೆ ನಡೀಬೇಕಿತ್ತು, ಹಾಕ್ದೆ” ಅಂದರು. ನ್ಯಾಯಾಧೀಶರು ಅದನ್ನೂ ಬರೆಸಿಕೊಂಡರು.

ಹಿಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದವನು ಕಾಲೇಜಿನ ಮ್ಯಾನೇಜರ್. ಮುಂದಿನ ವಾಯಿದೆಗೆ ಕಾಲೇಜಿನ ಪರ ಸಾಕ್ಷಿ ಹೇಳಬೇಕಾದವನು ಅವನೇ. ಅವನ ಬಗ್ಗೆಯೂ ಒಂದು ಮಾತು ಹೇಳಬೇಕು. ಅವನು ನನ್ನ ಓರಗೆಯವನು, ಕುಂಸಿಯ ಕಡೆಯವನು. ನಾನು ಹುಡುಗಿಯರ ತಂಡದಲ್ಲಿದ್ದಾಗ ಅವನು ಹುಡುಗರ ತಂಡದಲ್ಲಿ ಚೆಂಡನ್ನು ಎತ್ತಿಕೊಡುವ ಆಟಗಾರನಾಗಿದ್ದ. ಅವನಿಗೆ ಆಟ ಕಲಿಸಿದವರೂ, ಕಾಲೇಜಿನಲ್ಲಿ ಆ ಕೆಲಸ ಕೊಡಿಸಿದವರೂ ಕೋಚ್ ಸರ್. ಈಗ ಅಧ್ಯಕ್ಷರ ಅನ್ನ ತಿನ್ನುತ್ತಿದ್ದ.

ಅವನನ್ನು ನಾನು ಪಾಟಿಸವಾಲು ಮಾಡಿದೆ. ತರಬೇತುದಾರರು ಬಿಟ್ಟರೆ ಸಂಸ್ಥೆಗೆ ಭಾರಿ ನಷ್ಟ, ಕ್ರೀಡಾ ಸೌಲಭ್ಯಗಳಿಗೆ ಸಂಸ್ಥೆ ಬಹಳ ಖರ್ಚು ಮಾಡಿದೆ ಅಂತ ಅವನು ಕೋರ್ಟಿಗೆ ಸಲ್ಲಿಸಿದ ಅಫಿಡವಿಟ್ಟಿನಲ್ಲಿ ಬರೆದಿತ್ತು. ಕರಾರು ನಡೆದ ವರ್ಷದಿಂದೀಚೆಗೆ ಕಾಲೇಜಿನ ಆವರಣದಲ್ಲಿ ವಾಲಿಬಾಲ್ ಅಂಕಣ ಇದೆಯೇ ಅಂತ ಕೇಳಿದೆ. ಇದೆ ಅಂದ. ನಾನು ಅವನ ಮುಖ ನೋಡಲಿಲ್ಲ, ಭುಜ ನೋಡಿದೆ. ಬಲಭುಜ ಒಂದಿಷ್ಟು ಕುಸಿಯಿತು. ಅವನು ಕೋಚ್ ಸರ್ ಕೂತಿದ್ದ ಬೆಂಚಿನ ಕಡೆ ನೋಡಿದ. ಅವರು ಅವನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಆಗ ಅವನ ಬಲಗೈ ಮೆಲ್ಲಗೆ ಮೇಲಕ್ಕೆ ಹೋಯಿತು. ತಲೆಯ ಮೇಲೆ, ನೇರವಾಗಿ, ಅಂಕಣದಲ್ಲಿ ಎತ್ತುವ ಹಾಗೆ.

ನ್ಯಾಯಾಧೀಶರು, ಏನ್ರೀ, ಕೈ ಯಾಕೆ ಎತ್ತಿದ್ದೀರಿ ಅಂದರು.

“ಇಲ್ಲ ಸ್ವಾಮಿ. ಅಂಕಣ ಇಲ್ಲ. ಅಲ್ಲಿ ಕಾರ್ ಶೆಡ್ ಇದೆ. ಇವರ ಮೇಲೆ ಕಾಲೇಜು ಏನೂ ಖರ್ಚು ಮಾಡಿಲ್ಲ. ನೆಟ್ ಕೂಡ ಇವರದ್ದೇ.”

ಎದುರು ವಕೀಲರು ಎದ್ದು ನಿಂತರು, ಕೂಗಾಡಿದರು, ಅದೆಲ್ಲ ಆಯಿತು. ಆ ಕೈ ಯಾಕೆ ಮೇಲೆ ಹೋಯಿತು ಅನ್ನುವುದು ಆ ಕೋರ್ಟ್ ಹಾಲಿನಲ್ಲಿ ಗೊತ್ತಿದ್ದವರು ನಾವು ಮೂವರೇ. ಅವತ್ತು ನನ್ನ ಕಣ್ಣಲ್ಲಿ ನೀರು ಬಂತು. ಕಪ್ಪು ಕೋಟು ಹಾಕಿಕೊಂಡು ಹಾಗೆ ಅಳಬಾರದು, ಆದರೆ ಬಂತು.

ತೀರ್ಪು ನಮ್ಮ ಕಡೆಗಾಯಿತು. ಓದಿ ಸಹಿ ಹಾಕಿದ ಮಾತ್ರಕ್ಕೆ ದಂಡ ನ್ಯಾಯವಾಗುವುದಿಲ್ಲ, ಕಾಲೇಜು ಯಾವ ನಷ್ಟವನ್ನೂ ತೋರಿಸಿಲ್ಲ, ಷರತ್ತು ಜಾರಿಗೆ ಅರ್ಹವಲ್ಲ, ಪ್ರಮಾಣಪತ್ರ ಹಿಂದಿರುಗಿಸಿ. ಪ್ರಮಾಣಪತ್ರಗಳು ಕೈಗೆ ಬಂದ ಮರುದಿನವೇ ಕೋಚ್ ಸರ್ ರಾಜೀನಾಮೆ ಕೊಟ್ಟರು. ತಮಾಷೆ ನೋಡಿ, ಒಂದು ತಿಂಗಳ ನೋಟಿಸು ಕೊಟ್ಟು, ಆ ತಿಂಗಳು ಒಂದು ದಿನವೂ ತಪ್ಪಿಸದೆ ಹುಡುಗಿಯರನ್ನು ಆಡಿಸಿದರು. ಯಾವ ನೋಟಿಸು ಸರ್, ಇವತ್ತೇ ಚೀಲ ಎತ್ತಿಕೊಂಡು ನಡೆಯಿರಿ ಅಂತ ನಾನು ರೇಗಿದೆ. “ಅವರಿಗೆ ಒಂದು ತಿಂಗಳು ಅಂತ ಇದ್ರೆ ನಂಗೂ ಒಂದು ತಿಂಗಳು. ಈಗ ಸಮ ಆಯ್ತು ಮಾರಾಯ್ತಿ” ಅಂದರು. ಆ ಸಮದ ಲೆಕ್ಕ ಕರಾರು ಬರೆದವರಿಗೆ ಹೊಳೆದಿರಲಿಲ್ಲ.

ಆಮೇಲೆ ಸಂಬಳವಿಲ್ಲ, ಕಾಲೇಜಿಲ್ಲ. ಕ್ವಾರ್ಟರ್ಸಿನ ನಡುವೆ ಹುಲ್ಲು ಬೆಳೆದ ಒಂದು ಬಯಲನ್ನು ಕೆತ್ತಿ, ಮೆಟ್ಟಿಲ ಮೇಲೆ ಕೂರುತ್ತಿದ್ದ ಹೆಣ್ಣುಮಕ್ಕಳನ್ನು ಎಬ್ಬಿಸಿಕೊಂಡು ಬಂದು ಆಡಿಸತೊಡಗಿದರು. ಮನೆ ಹೊಲಿಗೆಯ ಮೇಲೆ ನಡೆಯಿತು. ನಾನು ಹೋದಾಗಲೆಲ್ಲ ಅವರ ಮಂಡಿಗೆ ಪಟ್ಟಿ, ಬಾಯಲ್ಲಿ ಮೂರು ಭಾಷೆ. ನೆಟ್ಟಿನ ಈಚೆ ಆಚೆ ಹುಡುಗಿಯರು ಕೈ ಎತ್ತುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲೇ, ನೆಟ್ ಕಟ್ಟುತ್ತಿದ್ದಾಗ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಈಗ ಫ್ಲೆಕ್ಸಿಗೆ ಬರೋಣ. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಅಂತ ಅದರಲ್ಲೇ ಬರೆದಿತ್ತು. ತೀರ್ಪಿನ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ನಾನು ಹೋದೆ. ಎದ್ದು ನಿಂತು ಓದಿಬಿಡುತ್ತೇನೆ, ಆದದ್ದಾಗಲಿ ಅಂತ ತೀರ್ಮಾನಿಸಿಯೇ ಹೋಗಿದ್ದೆ. ವೇದಿಕೆಯ ಮೇಲೆ ಅವರ ಹೆಂಡತಿಯನ್ನು ಕೂರಿಸಿದ್ದರು. ಆಕೆ ಯಾಕೆ ಬಂದರು ಅಂತ ನನಗೆ ಅವರ ಮೇಲೂ ಸಿಟ್ಟು ಬಂತು. ಮ್ಯಾನೇಜರ್ ಬಾಗಿಲ ಬಳಿ ಕುರ್ಚಿ ಜೋಡಿಸುತ್ತಿದ್ದ. ಸಾಕ್ಷಿ ಹೇಳಿದ ವಾರವೇ ಅವನನ್ನು ಕಚೇರಿಯಿಂದ ತೆಗೆದು ಹಾಸ್ಟೆಲಿನ ಉಗ್ರಾಣಕ್ಕೆ ಹಾಕಿದ್ದರು. ಅಂದಿನಿಂದ ಕುರ್ಚಿ ಹಾಕಿಸುವುದು, ಫ್ಲೆಕ್ಸ್ ಕಟ್ಟಿಸುವುದು ಅವನ ಪಾಲಿಗೆ.

ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ಧ್ವನಿ ಎರಡು ಕಡೆ ನಡುಗಿತು. ಸಣ್ಣಪುಟ್ಟ ಭಿನ್ನಾಭಿಪ್ರಾಯ ಯಾವ ಮನೆಯಲ್ಲಿಲ್ಲ, ಆದರೆ ಅವರು ಈ ಮನೆ ಬಿಟ್ಟು ಹೋದವರಲ್ಲ, ಮನಸ್ಸು ಇಲ್ಲೇ ಇತ್ತು ಅಂದರು. ನಾನು ಚೀಲದ ಜಿಪ್ ಎಳೆದೆ. ಅಷ್ಟರಲ್ಲಿ ಶಾಲು ಹೊದಿಸಲು ಅಧ್ಯಕ್ಷರು ಆಕೆಯ ಹತ್ತಿರ ಹೋದರು. ಆಕೆ ಶಾಲನ್ನು ಕೈಯಲ್ಲಿ ತಡೆದು ಎದ್ದು ನಿಂತರು. ಮೈಕಿನ ಹತ್ತಿರ ಹೋಗಲಿಲ್ಲ. ಆದರೂ ಹಿಂದಿನ ಸಾಲಿಗೆ ಕೇಳಿಸಿತು.

“ಅವರು ಬಿಟ್ಟು ಬಂದಿದ್ರು ಸಾರ್. ಅದನ್ನ ಹೇಳಿ ಹೋಗಕ್ಕೇ ನಾನು ಬಂದಿದ್ದು. ಕೆಲಸ ಹೋಯ್ತು, ಸಂಬಳ ಹೋಯ್ತು, ಅವರಿಗೆ ಕೈಗೆ ಸಿಕ್ಕಿದ್ದು ಅದೊಂದೇ. ಅದನ್ನೂ ನೀವು ವಾಪಸ್ ಇಸ್ಕೋಬೇಡಿ.”

ಶಾಲನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು. ನಾನು ಚೀಲ ಮುಚ್ಚಿ ಅವರ ಹಿಂದೆ ಹೊರಟೆ. ಮೂರು ವರ್ಷ ನಾನು ವಾದಿಸಿದ್ದು ಇದನ್ನೇ, ಆದರೆ ಇಷ್ಟು ಸರಿಯಾಗಿ ಒಂದು ದಿನವೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕೋರ್ಟಿಗೆ ಹೊರಟಾಗ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಗೇ ಇತ್ತು. ಅಧ್ಯಕ್ಷರು ಕೈಮುಗಿದೇ ಇದ್ದರು. ಏಣಿ ಹಾಕಿಕೊಂಡು ಮ್ಯಾನೇಜರ್ ಮೇಲೆ ಹತ್ತಿದ್ದ. ಕೆಳಗಿನ ದಪ್ಪ ಅಕ್ಷರದ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸುತ್ತಿದ್ದ. ‘ಬಿಟ್ಟುಹೋಗದ’ ಅನ್ನುವವರೆಗೆ ಮುಚ್ಚಿಯಾಗಿತ್ತು. ಯಾರು ಹೇಳಿದರು ಇದನ್ನು ಮಾಡಲು ಅಂತ ಕೆಳಗಿನಿಂದ ಕೇಳಿದೆ. ಅವನು ಒಂದು ಕೈಯಲ್ಲಿ ಬಿದಿರನ್ನು ಹಿಡಿದುಕೊಂಡು, ಅಂಟು ಮೆತ್ತಿದ ಇನ್ನೊಂದು ಕೈಯನ್ನು ನೇರ ಮೇಲಕ್ಕೆ ಎತ್ತಿದ.